ಹೆಣ್ಣಿನ ಕವಿತೆಯಲ್ಲಿ ‘ಎಂಬರು’ ಹುಡುಕುವುದು ಹೇಗೆ

‘ನಾಲ್ಕು ಜನ ಏನಂತಾರೆ’ ಅನ್ನುವಾಗ ಆ ನಾಲ್ಕು ಜನ ಯಾರು ಅಂತ ಯಾರೂ ಕೇಳುವುದಿಲ್ಲ. ಹೆಣ್ಣು ಹೇಗಿರಬೇಕು ಎಂಬ ಮಾತು ನಮ್ಮಲ್ಲಿ ಹೀಗೇ ಬರುತ್ತದೆ. ಮಾತು ಇರುತ್ತದೆ, ಆಡಿದವರ ಹೆಸರಿರುವುದಿಲ್ಲ. ಕನ್ನಡ ಕಾವ್ಯದಲ್ಲಿ ಈ ಮಾತಿಗೊಂದು ಗುರುತಿದೆ: ‘ಎನ್ನು’ ಎಂಬ ಕ್ರಿಯಾಪದ. ಎಂಬರು, ಎಂದು, ಎಂಬ, ಅಂತಾರೆ ಎಲ್ಲವೂ ಅದರ ರೂಪಗಳೇ. ಅದರ ಬೆನ್ನು ಹತ್ತಿದರೆ ಕವಿತೆಯೊಳಗೆ ಸಮಾಜ ಎಲ್ಲಿ ನಿಂತಿದೆ, ಹೆಣ್ಣು ತನ್ನನ್ನು ತಾನು ಎಲ್ಲಿಂದ ನೋಡಿಕೊಳ್ಳುತ್ತಿದ್ದಾಳೆ ಅನ್ನುವುದು ತಿಳಿಯುತ್ತದೆ. ತರಗತಿಗೂ ಓದುಗರ ಕೂಟಕ್ಕೂ ಈ ವಿಧಾನ ಒಗ್ಗುತ್ತದೆ.

ಒಂದೂವರೆ ಗಂಟೆಗೆ ಐದು ಪದ್ಯ ಸಾಕು. ಕೆಳಗಿನ ಐದೂ ಸೇರಿ ಇಪ್ಪತ್ತು ಸಾಲು ದಾಟುವುದಿಲ್ಲ. ಸಾಲುಗಳ ನಡುವೆ ಧಾರಾಳವಾಗಿ ಜಾಗ ಬಿಟ್ಟು ಅಚ್ಚು ಹಾಕಿಸಿ, ಪ್ರತಿಯೊಬ್ಬರಿಗೂ ಒಂದು ಪೆನ್ಸಿಲ್ ಕೊಡಿ. ಹಳೆಯ ಪದಗಳಿಗೆ ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟು ಇದ್ದರೆ ಚೆನ್ನ. ವಚನಗಳ ಪಾಠವನ್ನು ‘ವಚನ ಸಂಚಯ’ ಜಾಲತಾಣದಲ್ಲಿ ಹುಡುಕಬಹುದು. ವಾಟ್ಸಾಪ್‌ನಲ್ಲಿ ಬಂದ ಪಾಠವನ್ನು ಮಾತ್ರ ನಂಬಬೇಡಿ. ಅಂಕಿತ (ವಚನದ ಕೊನೆಗೆ ಸಹಿಯಂತೆ ಬರುವ ದೇವರ ಹೆಸರು) ಬದಲಾಗಿರುತ್ತದೆ, ಒಬ್ಬರ ವಚನ ಇನ್ನೊಬ್ಬರ ಹೆಸರಲ್ಲಿರುತ್ತದೆ.

ಮೊದಲ ಸುತ್ತು ಇಪ್ಪತ್ತು ನಿಮಿಷ. 12ನೇ ಶತಮಾನದ ಗೊಗ್ಗವ್ವೆಯ ವಚನವನ್ನು ಗಟ್ಟಿಯಾಗಿ ಎರಡು ಸಲ ಓದಿಸಿ.

ಮೊಲೆ ಮುಡಿ ಬಂದಡೆ ಹೆಣ್ಣೆಂಬರು,
ಮೀಸೆ ಕಾಸೆ ಬಂದಡೆ ಗಂಡೆಂಬರು,
ಈ ಉಭಯದ ಜ್ಞಾನ ಹೆಣ್ಣೊ ಗಂಡೊ ನಾಸ್ತಿನಾಥಾ

‘ಎಂಬರು’ ಎರಡು ಕಡೆ ಇದೆ, ಎರಡಕ್ಕೂ ಸುತ್ತು ಹಾಕಿಸಿ. ಯಾರು ಎಂಬರು? ಹೇಳಿಲ್ಲ. ಆಮೇಲೆ ‘ಕಾಸೆ’ಯ ಮೇಲೆ ಬೆರಳಿಡಿ. ಮೊಲೆ, ಮೀಸೆ ಮೈಯಲ್ಲಿ ಮೂಡುವಂಥವು. ಕಾಸೆ ಅಂದರೆ ಕಚ್ಚೆ, ಉಟ್ಟರೆ ಮಾತ್ರ ಬರುತ್ತದೆ. ಮೈಯ ಗುರುತಿನ ಪಕ್ಕದಲ್ಲೇ ಬಟ್ಟೆಯ ಗುರುತನ್ನೂ ಇಟ್ಟು, ಎರಡಕ್ಕೂ ‘ಬಂದಡೆ’ ಎಂಬ ಒಂದೇ ಕ್ರಿಯಾಪದ ಹಾಕಿದ್ದಾಳೆ. ಇದೇ ಜಾಡಿನಲ್ಲಿ ಜೇಡರ ದಾಸಿಮಯ್ಯನ ವಚನವೂ ಇದೆ. ಅಲ್ಲಿ ‘ಗಡ್ಡ ಮೀಸೆ’ ಇದೆ, ಎರಡೂ ಮೈಯವೇ. ಕೊನೆಯಲ್ಲಿ ನಡುವೆ ಸುಳಿವ ಆತ್ಮನು ಹೆಣ್ಣೂ ಅಲ್ಲ, ಗಂಡೂ ಅಲ್ಲ ಎಂದು ಆತ ತೀರ್ಪು ಕೊಡುತ್ತಾನೆ. ಗೊಗ್ಗವ್ವೆ ತೀರ್ಪು ಕೊಡುವುದಿಲ್ಲ, ಕೇಳಿ ಬಿಡುತ್ತಾಳೆ. ಎರಡನ್ನೂ ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಕೊಡಿ. ವ್ಯತ್ಯಾಸವನ್ನು ನೀವು ಹೇಳಬೇಡಿ, ಓದುವವರೇ ಕಂಡುಕೊಳ್ಳಲಿ.

ಇಲ್ಲೊಂದು ಎಚ್ಚರಿಕೆ. ವಚನಗಳನ್ನು ಇಂದು ನಾವು ನೋಡುವ ಹಾಗೆ ಸಾಲು ಮುರಿದಿರುವುದು ಸಂಪಾದಕರ ಕೆಲಸ. ‘ಇಲ್ಲಿ ಸಾಲು ಮುರಿದಿದ್ದಾಳೆ, ಆದ್ದರಿಂದ…’ ಎಂದು ವಾದ ಕಟ್ಟಿದರೆ ನಿಲ್ಲುವುದಿಲ್ಲ. ಮುಂದೆ ಬರುವ ನಾಲ್ಕು ಸಾಲಿನ ಸಾಂಗತ್ಯ, ಮೂರು ಸಾಲಿನ ತ್ರಿಪದಿಗಳಲ್ಲಿ ಸಾಲು ಛಂದಸ್ಸಿನದು, ಅಲ್ಲಿ ಧೈರ್ಯವಾಗಿ ಮಾತಾಡಬಹುದು.

ಎರಡನೇ ಸುತ್ತಿಗೆ ಸಂಚಿ ಹೊನ್ನಮ್ಮ. ಮೈಸೂರಿನ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆ ಅಡಿಕೆ ಸಂಚಿ ಹಿಡಿಯುತ್ತಿದ್ದವಳು, 17ನೇ ಶತಮಾನ.

ಪೆಣ್ಣಲ್ಲವೆ ತಮ್ಮನೆಲ್ಲ ಪಡೆದ ತಾಯಿ
ಪೆಣ್ಣಲ್ಲವೆ ಪೊರೆದವಳು
ಪೆಣ್ಣು ಪೆಣ್ಣೆಂದೇತಕೆ ಬೀಳುಗಳೆವರು
ಕಣ್ಣು ಕಾಣದ ಗಾವಿಲರು

ಮೊದಲು ಅರ್ಥ ಸರಿಮಾಡಿಕೊಳ್ಳಿ. ‘ತಮ್ಮನೆಲ್ಲ’ ಅಂದರೆ ತಮ್ಮನ್ನೆಲ್ಲ, ಒಡಹುಟ್ಟಿದ ತಮ್ಮನಲ್ಲ. ಈ ತಪ್ಪು ಪ್ರತಿ ಸಲ ಆಗುತ್ತದೆ. ‘ಬೀಳುಗಳೆ’ ಎಂದರೆ ಹೀಗಳೆ, ‘ಗಾವಿಲರು’ ಎಂದರೆ ತಿಳಿಗೇಡಿಗಳು. ಈಗ ಪ್ರತಿ ಸಾಲಿನ ಎರಡನೇ ಅಕ್ಷರಕ್ಕೆ ಗೆರೆ ಎಳೆಯಿಸಿ: ಣ್ಣ, ಣ್ಣ, ಣ್ಣು, ಣ್ಣು. ಆದಿಪ್ರಾಸ. ಮೂರು ಸಾಲು ‘ಪೆಣ್ಣು’ ಕೂತಿದ್ದ ಜಾಗದಲ್ಲಿ ನಾಲ್ಕನೆಯದಕ್ಕೆ ‘ಕಣ್ಣು’ ಬಂದು ಕೂರುತ್ತದೆ, ಅದೂ ಕಾಣದ ಕಣ್ಣು. ಹೆಣ್ಣನ್ನು ಅಳೆಯುತ್ತಿದ್ದ ಕಣ್ಣಿಗೇ ದೋಷವಿದೆ ಎಂದು ಹೇಳಲು ಅವಳು ವಾದ ಹೂಡಿಲ್ಲ, ಪ್ರಾಸದಲ್ಲೇ ಕೆಲಸ ಮುಗಿಸಿದ್ದಾಳೆ. ‘ಪೆಣ್ಣೆಂದು’ ಇಲ್ಲೂ ಇದೆ, ಸುತ್ತು ಹಾಕಿ. ಆದರೆ ಗೊಗ್ಗವ್ವೆಯಲ್ಲಿ ಮುಖವಿಲ್ಲದೆ ನಿಂತಿದ್ದವರಿಗೆ ಇಲ್ಲಿ ಹೆಸರಿದೆ: ಗಾವಿಲರು.

ಇಷ್ಟಕ್ಕೇ ನಿಲ್ಲಿಸಿದರೆ ಹೊನ್ನಮ್ಮನಿಗೆ ಮೋಸವಾಗುತ್ತದೆ. ಭಾಷಣಗಳಲ್ಲಿ ಆಗುವುದು ಇದೇ: ಈ ನಾಲ್ಕು ಸಾಲು ಹೇಳಿ ಚಪ್ಪಾಳೆ ತಟ್ಟಿಸಿ ಮುಗಿಸುತ್ತಾರೆ. ಈ ಪದ್ಯ ಇರುವುದು ‘ಹದಿಬದೆಯ ಧರ್ಮ’ದಲ್ಲಿ. ಹದಿಬದೆ ಎಂದರೆ ಪತಿವ್ರತೆ. ಕಾವ್ಯದ ಉದ್ದಕ್ಕೂ ಗಂಡನಿಗೆ, ಅತ್ತೆ ಮಾವಂದಿರಿಗೆ ಹೇಗೆ ನಡೆದುಕೊಳ್ಳಬೇಕೆಂಬ ಬೋಧೆಯಿದೆ. ಕಟ್ಟಳೆ ಹೇಳುವ ಬಾಯಿ, ಕಟ್ಟಳೆ ಹಾಕಿದವರನ್ನು ಬೈಯುವ ಬಾಯಿ ಎರಡೂ ಒಂದೇ. ಹಿಂದಿನ, ಮುಂದಿನ ಒಂದಿಷ್ಟು ಪದ್ಯಗಳನ್ನು ಸೇರಿಸಿ ಓದಿಸಿ. ಆಗ ‘ಇವಳು ಬಂಡಾಯಗಾರ್ತಿಯೋ ಅಲ್ಲವೋ’ ಎಂಬ ಚರ್ಚೆ ಏಳುತ್ತದೆ. ಹತ್ತು ನಿಮಿಷ ಬಿಡಿ, ಆಮೇಲೆ ನಿಲ್ಲಿಸಿ. ಅದಕ್ಕಿಂತ ಫಲ ಕೊಡುವ ಪ್ರಶ್ನೆ ಬೇರೆ: ಇಷ್ಟು ಹೇಳಲು ಅವಳು ಏನೇನು ಒಪ್ಪಿಕೊಳ್ಳಬೇಕಾಯಿತು? ಹೆಣ್ಣಿನ ಬೆಲೆಗೆ ಅವಳು ಕೊಡುವ ಕಾರಣಗಳನ್ನೇ ನೋಡಿ. ಹೆತ್ತವಳು, ಸಾಕಿದವಳು. ತಾಯ್ತನದ ಆಚೆಯ ಕಾರಣ ಈ ಪದ್ಯದಲ್ಲಿಲ್ಲ.

ಆ ಕಾರಣ ಇಲ್ಲದವಳ ಗತಿಯೇನು? ಅದನ್ನು ತಿಳಿಯಲು ಉತ್ತರ ಕರ್ನಾಟಕದ ಬೀಸುಕಲ್ಲಿನ ತ್ರಿಪದಿ ಬೇಕು.

ಬಾಲಕರಿಲ್ಲದ ಬಾಲಿದ್ದ್ಯಾತರ ಜನ್ಮ
ಬಾಡಿಗಿ ಎತ್ತು ದುಡಿದ್ಹಾಂಗ
ಬಾಳೆಲೆ ಹಾಸ್ಯುಂಡು ಬೀಸಿ ಒಗೆದ್ಹಾಂಗ

ಇಲ್ಲಿ ‘ಎಂದು’ ಹುಡುಕಿಸಿ. ಸಿಗುವುದಿಲ್ಲ. ಊರು ಆಡಿದ ಮಾತು ಊರಿನದಾಗಿ ಉಳಿದಿಲ್ಲ, ಹಾಡುವವಳದೇ ಮಾತಾಗಿದೆ. ‘ಬಂಜೆ ಎಂಬರು’ ಅನ್ನುವುದಕ್ಕೂ ‘ನನ್ನದ್ಯಾತರ ಜನ್ಮ’ ಅನ್ನುವುದಕ್ಕೂ ಇರುವ ದೂರವೇ ಈ ಪಾಠದ ತಿರುಳು. ‘ಎಂಬರು’ ಉದುರಿಹೋದ ಜಾಗದಲ್ಲೇ ಹೊರಗಿನ ನಿರೀಕ್ಷೆ ಒಳಗಿನ ಕನ್ನಡಿಯಾಗುತ್ತದೆ. ಉಳಿದಿರುವುದು ‘ಹಾಂಗ’ ಮಾತ್ರ: ಎತ್ತಿನ ಹಾಂಗ, ಎಲೆಯ ಹಾಂಗ. ಆದರೆ ಎತ್ತು ಯಾವುದು ನೋಡಿ. ಬಾಡಿಗೆಯದು. ದುಡಿತ ಇದೆ, ಮನೆ ತನ್ನದಲ್ಲ. ಬಾಳೆಲೆಯ ಮೇಲೆ ಉಂಡವರು ಬೇರೆ, ಒಗೆಸಿಕೊಂಡದ್ದು ಎಲೆ. ದೂರು ನೇರವಾಗಿ ಬಾಯಿಗೆ ಬರದಿದ್ದರೂ ಹೋಲಿಕೆಯೊಳಗೆ ಕೂತಿದೆ. ‘ಬೀಸಿ’ ಎಂಬುದನ್ನೂ ಬಿಡಬೇಡಿ. ಬೀಸುತ್ತಾ ಹಾಡುವವಳ ಬಾಯಲ್ಲಿ ಅದು ಎಸೆಯುವುದೂ ಹೌದು, ಕೈಯಲ್ಲಿರುವ ಕೆಲಸವೂ ಹೌದು.

ಇದನ್ನು ಮೌನವಾಗಿ ಓದಿದರೆ ಅರ್ಧ ಹೋಯಿತು. ಹಾಡಿಸಿ, ಎರಡನೇ ಸಾಲನ್ನು ಮರುಕಳಿಸಿ ಎಳೆಯಲಿ. ಆ ತಡದ ನಂತರ ಮೂರನೇ ಸಾಲು ಬಂದಾಗಲೇ ಪೆಟ್ಟು ಬೀಳುವುದು. ‘ಹಾಂಗ’ವನ್ನು ‘ಹಾಗೆ’ ಎಂದು ತಿದ್ದಬೇಡಿ, ತಿದ್ದಿದರೆ ಹಾಡುವವಳೇ ಬದಲಾಗಿಬಿಡುತ್ತಾಳೆ. ಇದನ್ನು ಒಬ್ಬಳ ಆತ್ಮಕಥೆ ಎಂದೂ ಓದಬೇಡಿ. ಎಷ್ಟೋ ಬಾಯಿಗಳಲ್ಲಿ ಸವೆದ ಹಾಡಿದು, ಮಕ್ಕಳಿದ್ದವರೂ ಹಾಡಿದ್ದಾರೆ.

ಐದನೆಯದು ಅಕ್ಕಮಹಾದೇವಿ. ‘ಕೈಸಿರಿಯ ದಂಡವ’ ಎಂದು ಶುರುವಾಗುವ ವಚನ. ಅದರ ಕೊನೆ ಸಾಕು: ಚೆನ್ನಮಲ್ಲಿಕಾರ್ಜುನನ ‘ಬೆಳಗನುಟ್ಟು ಲಜ್ಜೆಗೆಟ್ಟವಳಿಗೆ’ ಉಡುಗೆ ತೊಡುಗೆಯ ಹಂಗೇಕೆ ಎಂದು ಕೇಳುತ್ತಾಳೆ. ‘ಲಜ್ಜೆಗೆಟ್ಟವಳು’ ಬೀದಿಯ ಬೈಗುಳ. ಇಲ್ಲೂ ‘ಎಂಬರು’ ಇಲ್ಲ. ಆದರೆ ತ್ರಿಪದಿಯವಳು ನುಂಗಿಕೊಂಡಳು, ಅಕ್ಕ ಉಟ್ಟುಕೊಂಡಳು. ‘ಉಟ್ಟು’ ಎಂಬ ಪದವನ್ನೇ ಬಟ್ಟೆಯಿಂದ ಕಿತ್ತು ಬೆಳಕಿಗೆ ಹಚ್ಚಿದ್ದಾಳೆ. ಇಲ್ಲಿ ಆಗುವ ತಪ್ಪು ಎರಡು ಬಗೆಯದು. ಭಕ್ತಿಯನ್ನು ಕಿತ್ತುಹಾಕಿ ಬರೀ ಮೈಯ ಸ್ವಾತಂತ್ರ್ಯ ಎನ್ನುವುದು ಒಂದು, ಮೈಯನ್ನು ಮುಚ್ಚಿಹಾಕಿ ಬರೀ ಭಕ್ತಿ ಎನ್ನುವುದು ಇನ್ನೊಂದು. ಎರಡನೆಯದು ನಮ್ಮಲ್ಲಿ ಹೆಚ್ಚು.

ಹೊಸ ಕವಿತೆಗಳಿಗೂ ಇದೇ ಪೆನ್ಸಿಲ್ ಸಾಕು. ಪ್ರತಿಭಾ ನಂದಕುಮಾರ್ ಅವರ ‘ನಾವು ಹುಡುಗಿಯರೇ ಹೀಗೆ’ ಎಂಬ ಶೀರ್ಷಿಕೆಯನ್ನೇ ಹಿಡಿದು ಕೇಳಬಹುದು: ‘ನೀವು ಹುಡುಗಿಯರೇ ಹೀಗೆ’ ಅಂದವರು ಯಾರು, ಅದು ಯಾವಾಗ ‘ನಾವು’ ಆಯಿತು?

ಕೊನೆಯ ಇಪ್ಪತ್ತು ನಿಮಿಷ ಬರೆಯಲು. ಪ್ರತಿಯೊಬ್ಬರೂ ತಮ್ಮ ಮನೆಯಲ್ಲಿ, ಬಸ್ಸಿನಲ್ಲಿ, ಮದುವೆ ಮಂಟಪದಲ್ಲಿ ಕಿವಿಗೆ ಬಿದ್ದ ಐದು ಮಾತುಗಳನ್ನು ಆಡಿದ ಹಾಗೇ ಬರೆಯಲಿ. ‘ಶೋಷಣೆ’, ‘ಸಂಕೋಲೆ’, ‘ಅಬಲೆ’ ಈ ಮೂರು ಪದಗಳಿಗೆ ನಿಷೇಧ. ಇವು ಬಂದ ಕೂಡಲೇ ಪದ್ಯ ಭಾಷಣವಾಗುತ್ತದೆ. ಐದರಲ್ಲಿ ಒಂದನ್ನು ಆರಿಸಿ ಒಂದೇ ಒಂದು ಪ್ರತ್ಯಯ ಬದಲಿಸಲಿ. ಉದಾಹರಣೆಗೆ, ‘ಹುಡುಗಿ ಕಪ್ಪಗಿದ್ರೂ ಲಕ್ಷಣವಾಗಿದ್ದಾಳೆ.’ ಹೊಗಳಿಕೆಯಂತೆ ಕೇಳುತ್ತದೆ, ಮುಳ್ಳಿರುವುದು ಆ ‘ರೂ’ನಲ್ಲಿ. ‘ರೂ’ ತೆಗೆದು ‘ಕಪ್ಪಗಿದ್ದು ಲಕ್ಷಣವಾಗಿದ್ದಾಳೆ’ ಎಂದು ಬರೆದು, ಎರಡನ್ನೂ ಒಂದರ ಕೆಳಗೊಂದು ಇಟ್ಟು, ಮೂರನೇ ಸಾಲಿನ ಜಾಗವನ್ನು ಖಾಲಿ ಬಿಟ್ಟು ಮನೆಗೆ ಕಳಿಸಿ.