ಕ್ರಿಮಿನಾಲಜಿಯೋ ಸೈಕಾಲಜಿಯೋ: ಬ್ರಿಟನ್‌ನಲ್ಲಿ ನಾನು ಕೋರ್ಸ್ ಆರಿಸಿಕೊಂಡ ಬಗೆ

ಧಾರವಾಡದಲ್ಲಿ ಬಿ.ಎ. ಓದುವಾಗ ನನ್ನ ಮೂರು ವಿಷಯಗಳು ಕ್ರಿಮಿನಾಲಜಿ (ಅಪರಾಧಶಾಸ್ತ್ರ), ಸೈಕಾಲಜಿ, ಇಂಗ್ಲಿಷ್. ಆಮೇಲೆ ಒಂದು ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದೆ. ಬಾಲ ನ್ಯಾಯ ಮಂಡಳಿಯ ಮುಂದೆ ಬರುವ ಹುಡುಗರ ಜೊತೆ ಮಾತಾಡುವುದು, ಅವರ ಮನೆಗೆ ಹೋಗಿ ಬರುವುದು ನನ್ನ ಕೆಲಸ. ಮೊಬೈಲ್ ಕದ್ದವರು, ಹೊಡೆದಾಟದಲ್ಲಿ ಸಿಕ್ಕಿಬಿದ್ದವರು ಎಲ್ಲರೂ ಇರುತ್ತಿದ್ದರು. ಒಂದು ಸಲ ಬಂದು ಹೋದ ಎಷ್ಟೋ ಹುಡುಗರು ಮತ್ತೆ ಕಾಣಿಸಲೇ ಇಲ್ಲ. ಕೆಲವರು ಮಾತ್ರ ವಿಚಾರಣೆ ನಡೆಯುವಾಗ ಮಕ್ಕಳನ್ನು ಇರಿಸುವ ವೀಕ್ಷಣಾಲಯಕ್ಕೆ ತಿರುಗಿ ತಿರುಗಿ ಬರುತ್ತಿದ್ದರು. ಇದು ಯಾಕೆ ಅಂತ ಓದಿ ತಿಳಿಯಬೇಕು ಅನ್ನಿಸಿತು.

ಈಗ ನನ್ನ ಹತ್ತಿರ ಬರುವ ತಂಗಿ ತಮ್ಮಂದಿರು ಮೊದಲು ಕೇಳುವುದು, "ಅಕ್ಕಾ, ಯಾವ ಯೂನಿವರ್ಸಿಟಿ ಒಳ್ಳೇದು?" ನಾನು ತಿರುಗಿ ಕೇಳುತ್ತೇನೆ, "ಓದಿ ಬಂದು ಏನು ಮಾಡಬೇಕು ಅಂತಿದ್ದೀಯಾ?" ಇದಕ್ಕೆ ಉತ್ತರ ಸಿಕ್ಕರೆ ಅರ್ಧ ಪಟ್ಟಿ ತಾನಾಗೇ ಉದುರಿಹೋಗುತ್ತದೆ. ಯಾಕೆಂದರೆ ಈ ಎರಡು ವಿಷಯಗಳ ದಾರಿ ಅಲ್ಲಿ ಪೂರ್ತಿ ಬೇರೆ ಬೇರೆ.

ಸೈಕಾಲಜಿಗೆ ಮೆಟ್ಟಿಲುಗಳಿವೆ. ಫೊರೆನ್ಸಿಕ್ ಸೈಕಾಲಜಿಸ್ಟ್ (ಜೈಲು, ಕೋರ್ಟುಗಳಲ್ಲಿ ಕೆಲಸ ಮಾಡುವ ಮನಶ್ಶಾಸ್ತ್ರಜ್ಞರು), ಕ್ಲಿನಿಕಲ್ ಸೈಕಾಲಜಿಸ್ಟ್ ಅನ್ನುವ ಹೆಸರನ್ನು ಬ್ರಿಟನ್‌ನಲ್ಲಿ ಯಾರು ಬೇಕಾದರೂ ಹಾಕಿಕೊಳ್ಳುವಂತಿಲ್ಲ. ಅದಕ್ಕೆ ಆರೋಗ್ಯ ವೃತ್ತಿಗಳ ನೋಂದಣಿ ನೋಡಿಕೊಳ್ಳುವ ಎಚ್‌ಸಿಪಿಸಿ ಎಂಬ ಸಂಸ್ಥೆಯಲ್ಲಿ ನೋಂದಣಿ ಆಗಬೇಕು. ಅಲ್ಲಿಗೆ ಹೋಗುವ ಮೊದಲ ಮೆಟ್ಟಿಲೇ ಬ್ರಿಟಿಷ್ ಸೈಕಲಾಜಿಕಲ್ ಸೊಸೈಟಿ, ಅಂದರೆ ಬಿಪಿಎಸ್ ಕೊಡುವ ಜಿಬಿಸಿ ಮಾನ್ಯತೆ; ಸೈಕಾಲಜಿಯ ಮೂಲ ಓದು ಸಾಕಷ್ಟು ಆಗಿದೆ ಅನ್ನುವ ಗುರುತು ಅದು. ನಮ್ಮ ಕಡೆಯ ಹುಡುಗರು ಎಡವುವುದು ಇಲ್ಲೇ. ಜಿಬಿಸಿ ಸಿಗಬೇಕಾದರೆ ಡಿಗ್ರಿಯಲ್ಲಿ ಕಡಿಮೆ ಅಂದರೂ ಅರ್ಧದಷ್ಟು ಸೈಕಾಲಜಿ ಇರಬೇಕು, ಸ್ವಂತ ಡೇಟಾ ಇಟ್ಟುಕೊಂಡು ಮಾಡಿದ ಸಂಶೋಧನಾ ಪ್ರಾಜೆಕ್ಟ್ ಇರಬೇಕು. ಮೂರು ವಿಷಯದ ಬಿ.ಎ.ದಲ್ಲಿ ಸೈಕಾಲಜಿ ಮೂರನೇ ಒಂದು ಭಾಗ ಅಷ್ಟೇ. ನನ್ನ ಅಂಕಪಟ್ಟಿಯನ್ನು ಮುಂದಿಟ್ಟುಕೊಂಡು ಸೈಕಾಲಜಿ ಪೇಪರ್‌ಗಳ ಪಕ್ಕ ಪೆನ್ಸಿಲ್‌ನಲ್ಲಿ ಗುರುತು ಹಾಕುತ್ತಾ ಹೋದೆ. ಭಾಷೆಯ ಪೇಪರ್‌ಗಳನ್ನೂ ಸೇರಿಸಿ ನೋಡಿದರೆ ಮೂರನೇ ಒಂದು ಭಾಗವೂ ಬರಲಿಲ್ಲ.

ಇಂಥವರಿಗೆ, ಬೇರೆ ಓದಿನಿಂದ ಸೈಕಾಲಜಿಗೆ ಬರಲು, ಕನ್ವರ್ಷನ್ ಎಂಎಸ್ಸಿ ಅಂತ ಒಂದು ಕೋರ್ಸ್ ಇದೆ. ಬಿಪಿಎಸ್ ಮಾನ್ಯತೆ ಇರುವ ಕನ್ವರ್ಷನ್ ಮುಗಿಸಿದರೆ ಜಿಬಿಸಿ ಸಿಗುತ್ತದೆ. ಆದರೆ ಫೊರೆನ್ಸಿಕ್ ಸೈಕಾಲಜಿಸ್ಟ್ ಆಗಬೇಕು ಅಂದರೆ ಅದಾದ ಮೇಲೆ ಮತ್ತೊಂದು ಎಂಎಸ್ಸಿ, ಅದರ ಮೇಲೆ ಅನುಭವಿಗಳ ಕೈಕೆಳಗೆ ವರ್ಷಗಟ್ಟಲೆ ತರಬೇತಿ. ಎರಡು ಮಾಸ್ಟರ್ಸ್, ಎರಡು ಸಲ ಫೀಸು. ಊರಿಗೆ ವಾಪಸ್ ಬಂದು ಕ್ಲಿನಿಕಲ್ ಸೈಕಾಲಜಿಸ್ಟ್ ಆಗುವ ಆಸೆ ಇದ್ದರಂತೂ ಇನ್ನೂ ಎಚ್ಚರ ಬೇಕು. ಇಲ್ಲಿ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಬೇಕು, ಒಂದು ವರ್ಷದ ಬ್ರಿಟಿಷ್ ಎಂಎಸ್ಸಿ ಅದನ್ನು ಕೊಡುವುದಿಲ್ಲ. ಅಂಥವರು ನಿಮ್ಹಾನ್ಸ್ ಥರದ ಜಾಗಗಳನ್ನು ಮೊದಲು ನೋಡುವುದು ಒಳ್ಳೆಯದು.

ಕ್ರಿಮಿನಾಲಜಿಗೆ ಇಂಥ ಲೈಸೆನ್ಸ್ ಇಲ್ಲ. ಅಲ್ಲಿ ನೋಡಬೇಕಾದ್ದು ಕೋರ್ಸನ್ನು ಯಾವ ವಿಭಾಗ ನಡೆಸುತ್ತದೆ ಅನ್ನುವುದು. ಎಡಿನ್‌ಬರಾ, ಲೀಡ್ಸ್‌ನಲ್ಲಿ ಅದು ಲಾ ಸ್ಕೂಲಿನ ಜೊತೆಗಿದೆ. ಗ್ಲಾಸ್ಗೋದಲ್ಲಿ ಸಮಾಜಶಾಸ್ತ್ರದವರ ಜೊತೆ. ಕೇಂಬ್ರಿಜ್‌ನಲ್ಲಿ 1959ರಲ್ಲಿ ಶುರುವಾದ ಕ್ರಿಮಿನಾಲಜಿ ಇನ್‌ಸ್ಟಿಟ್ಯೂಟ್ ಜೈಲುಗಳ ಮೇಲಿನ ಸಂಶೋಧನೆಗೆ ದೊಡ್ಡ ಹೆಸರು. ಸಂಶೋಧಕಿ ಆಲಿಸನ್ ಲೀಬ್ಲಿಂಗ್ ಅವರು ಜೈಲಿನೊಳಗಿನ ಬದುಕನ್ನು ಅಳೆಯುವ ಪ್ರಶ್ನಾವಳಿ ರೂಪಿಸಿದ್ದು ಅಲ್ಲೇ. ಲಂಡನ್ನಿನ ಯುಸಿಎಲ್ ಯೂನಿವರ್ಸಿಟಿಯಲ್ಲಿ 2001ರಲ್ಲಿ ಶುರುವಾದ ಜಿಲ್ ಡ್ಯಾಂಡೊ ಇನ್‌ಸ್ಟಿಟ್ಯೂಟ್ ಇರುವುದು ಎಂಜಿನಿಯರಿಂಗ್ ಫ್ಯಾಕಲ್ಟಿಯಲ್ಲಿ! ಅಲ್ಲಿ ಓದುವುದು ಕ್ರೈಮ್ ಸೈನ್ಸ್. ಅಪರಾಧ ಯಾವ ಜಾಗದಲ್ಲಿ, ಯಾವ ಹೊತ್ತಿನಲ್ಲಿ ಜಾಸ್ತಿ ಆಗುತ್ತದೆ, ಅದನ್ನು ತಡೆಯುವುದು ಹೇಗೆ ಅನ್ನುವ ಲೆಕ್ಕ. ಪೊಲೀಸ್ ಡೇಟಾ, ಮ್ಯಾಪಿಂಗ್ ಇಷ್ಟಪಡುವವರಿಗೆ ಹೇಳಿ ಮಾಡಿಸಿದ ಜಾಗ. ನನ್ನ ಪ್ರಶ್ನೆಗೆ ಅದು ಹೊಂದುತ್ತಿರಲಿಲ್ಲ.

ಕ್ರಿಮಿನಾಲಜಿ ಓದಲು ನಾನು ಎಡಿನ್‌ಬರಾ ಆರಿಸಿಕೊಳ್ಳಲು ಕಾರಣ ಒಂದು ಅಧ್ಯಯನ. 1998ರಲ್ಲಿ ಆ ನಗರದಲ್ಲಿ ಹೈಸ್ಕೂಲ್ ಸೇರಿದ ಸುಮಾರು 4,300 ಮಕ್ಕಳನ್ನು ಸಂಶೋಧಕರು ವರ್ಷಾನುಗಟ್ಟಲೆ ಹಿಂಬಾಲಿಸಿದ್ದಾರೆ. ಆ ಅಧ್ಯಯನ ನಡೆಸಿದ ಲೆಸ್ಲಿ ಮೆಕಾರಾ ಮತ್ತು ಸೂಸನ್ ಮೆಕ್‌ವೀ ಅದರಿಂದ ತೋರಿಸಿದ ಸಂಗತಿ ನನ್ನನ್ನು ಹಿಡಿದು ನಿಲ್ಲಿಸಿತು. ಪದೇ ಪದೇ ತಪ್ಪು ಮಾಡುವ ಮಕ್ಕಳೇ ಅತಿ ಹೆಚ್ಚು ಕಷ್ಟ, ಏಟು ಉಂಡವರೂ ಆಗಿರುತ್ತಾರೆ. ಶಾಲೆಯಿಂದ ಹೊರಹಾಕುವುದು ಮಗುವಿನ ದಾರಿಯನ್ನೇ ತಿರುಗಿಸಿಬಿಡುತ್ತದೆ. ಪೊಲೀಸು, ಕೋರ್ಟು ಅಂತ ಎಳೆದಷ್ಟೂ ಆ ಮಗು ಅದರಿಂದ ಹೊರಬರುವುದು ತಡವಾಗುತ್ತದೆ. ವೀಕ್ಷಣಾಲಯದ ಬೆಂಚಿನ ಮೇಲೆ ಕೂತಿರುತ್ತಿದ್ದ ನಮ್ಮ ಹುಡುಗರಲ್ಲಿ ಶಾಲೆ ಬಿಟ್ಟವರೇ ಜಾಸ್ತಿ, ಅಲ್ವಾ?

ಇನ್ನೊಂದು ಕಾರಣ, ಎಡಿನ್‌ಬರಾ ಇರುವ ಸ್ಕಾಟ್ಲೆಂಡಿನ ಕಾನೂನು. ಅದು ಇಂಗ್ಲೆಂಡಿನದಕ್ಕಿಂತ ಬೇರೆ. ಇಂಗ್ಲೆಂಡಿನಲ್ಲಿ 10 ವರ್ಷದ ಮಗುವಿನ ಮೇಲೆ ಕೇಸು ಹಾಕಬಹುದು, ಸ್ಕಾಟ್ಲೆಂಡಿನಲ್ಲಿ 12. ಸ್ಕಾಟ್ಲೆಂಡಿನಲ್ಲಿ ತಪ್ಪು ಮಾಡಿದ ಮಗು, ರಕ್ಷಣೆ ಬೇಕಾದ ಮಗು ಇಬ್ಬರನ್ನೂ ಸಾಮಾನ್ಯವಾಗಿ ಒಂದೇ ಚಿಲ್ಡ್ರನ್ಸ್ ಹಿಯರಿಂಗ್ (ಮಕ್ಕಳ ವಿಚಾರಣಾ ಸಭೆ) ನೋಡುತ್ತದೆ. 1971ರಿಂದ ಹೀಗೇ ನಡೆದಿದೆ. ನಮ್ಮಲ್ಲಿ ಮೊದಲನೆಯವರು ಬಾಲ ನ್ಯಾಯ ಮಂಡಳಿಗೆ, ಎರಡನೆಯವರು ಮಕ್ಕಳ ಕಲ್ಯಾಣ ಸಮಿತಿಗೆ. ಒಂದೇ ಹುಡುಗ ಎರಡೂ ಆಗಿದ್ದಾಗ ಏನು ಮಾಡುವುದು ಅಂತ ನಾವು ಒದ್ದಾಡುತ್ತಿದ್ದೆವು. ಅದನ್ನು ಬೇರೆ ರೀತಿ ಮಾಡುವ ನಾಡಿಗೆ ಹೋಗಿ ಕಣ್ಣಾರೆ ನೋಡಬೇಕಿತ್ತು.

ಅರ್ಜಿ ಹಾಕುವುದು ಅಂಥ ಕಷ್ಟವೇನಲ್ಲ. ಬ್ಯಾಚುಲರ್ಸ್‌ಗೆ ಯುಕಾಸ್ ಎಂಬ ಒಂದೇ ಅರ್ಜಿ ವ್ಯವಸ್ಥೆಯ ಮೂಲಕ ಐದು ಕೋರ್ಸ್ ಆರಿಸಬಹುದು. ಮಾಸ್ಟರ್ಸ್‌ಗೆ ಸಾಮಾನ್ಯವಾಗಿ ಆಯಾ ಯೂನಿವರ್ಸಿಟಿಗೇ ನೇರವಾಗಿ ಹಾಕುವುದು. ಕನ್ಸಲ್ಟನ್ಸಿಯವರು ಫ್ರೀ ಅನ್ನುತ್ತಾರೆ. ಅವರಿಗೆ ಯೂನಿವರ್ಸಿಟಿ ಕಡೆಯಿಂದ ಕಮಿಷನ್ ಬರುತ್ತದೆ, ಹಾಗಾಗಿ ಕಮಿಷನ್ ಇರುವ ಹೆಸರುಗಳೇ ಮೊದಲು ಬಾಯಿಗೆ ಬರುತ್ತವೆ. ನಾನು ಕೋರ್ಸ್ ಡೈರೆಕ್ಟರಿಗೇ ಇಮೇಲ್ ಬರೆದೆ. ನನ್ನ ಕೆಲಸ ಏನು, ಪ್ರಶ್ನೆ ಏನು, ಇದರ ಮೇಲೆ ಪ್ರಬಂಧ ಬರೆಯಲು ಗೈಡ್ ಮಾಡುವವರು ಇದ್ದಾರಾ ಅಂತ. ನಾಲ್ಕು ಸಾಲಿನ ಆ ಪತ್ರದಿಂದ ಸಿಕ್ಕಷ್ಟು ವಿವರ ಯಾವ ಬ್ರೋಷರಿನಲ್ಲೂ ಇರಲಿಲ್ಲ.

ದುಡ್ಡಿನ ಮಾತು. ವೀಸಾಗೆ ಫೀಸಿನ ಬಾಕಿ ಜೊತೆ ಒಂಬತ್ತು ತಿಂಗಳ ಖರ್ಚು ತೋರಿಸಬೇಕು. 2025ರ ನವೆಂಬರ್‌ನಿಂದ ಲಂಡನ್ನಿಗೆ ತಿಂಗಳಿಗೆ 1,529 ಪೌಂಡ್, ಉಳಿದ ಊರುಗಳಿಗೆ 1,171. ಒಂಬತ್ತು ತಿಂಗಳಿಗೆ ಮೂರು ಸಾವಿರ ಪೌಂಡ್‌ಗಿಂತ ಜಾಸ್ತಿ ವ್ಯತ್ಯಾಸ. ಆ ಹಣ ಸತತ 28 ದಿನ ಖಾತೆಯಲ್ಲಿರಬೇಕು. ಒಂದು ದಿನ ಕಡಿಮೆ ಆದರೂ ಎಣಿಕೆ ಮತ್ತೆ ಮೊದಲಿನಿಂದ. ಅಪ್ಪನ ಖಾತೆಯಾದರೆ ನಿಮ್ಮ ಜನನ ಪ್ರಮಾಣಪತ್ರ, ಅವರ ಒಪ್ಪಿಗೆ ಪತ್ರ ಎರಡೂ ಬೇಕು. ಇದರ ಮೇಲೆ ಆರೋಗ್ಯದ ಸರ್‌ಚಾರ್ಜ್ ವಿದ್ಯಾರ್ಥಿಗಳಿಗೆ ವರ್ಷಕ್ಕೆ 776 ಪೌಂಡ್.

ನಾನು ಹೋದಾಗ ಓದು ಮುಗಿದ ಮೇಲೆ ಅಲ್ಲೇ ಉಳಿದು ಕೆಲಸ ಮಾಡಲು ಬಿಡುವ ಗ್ರ್ಯಾಜುಯೇಟ್ ವೀಸಾ ಎರಡು ವರ್ಷ ಸಿಗುತ್ತಿತ್ತು. 2027ರ ಜನವರಿ 1ರಿಂದ ಅರ್ಜಿ ಹಾಕುವ ಮಾಸ್ಟರ್ಸ್‌ನವರಿಗೆ ಅದು 18 ತಿಂಗಳು. ಜೈಲು, ಪ್ರೊಬೇಷನ್ ಥರದ ಸರ್ಕಾರಿ ಕೆಲಸಗಳಿಗೆ ಹಿನ್ನೆಲೆ ತಪಾಸಣೆ ಇರುತ್ತದೆ, ಎಷ್ಟು ವರ್ಷದಿಂದ ಬ್ರಿಟನ್‌ನಲ್ಲಿದ್ದೀರಿ ಅಂತಲೂ ಕೇಳುತ್ತಾರೆ. ಹೊಸದಾಗಿ ಓದಿ ಮುಗಿಸಿದ ನಮ್ಮವರಿಗೆ ಅದು ಸುಲಭವಲ್ಲ. ಅದಕ್ಕೇ ಸಾಲದ ಲೆಕ್ಕ ಹಾಕುವಾಗ ಅಲ್ಲಿನ ಸಂಬಳ ನಂಬಿಕೊಂಡು ಹಾಕಬೇಡಿ. ಇಲ್ಲಿ ಬಂದು ಮಾಡುವ ಕೆಲಸದ ಸಂಬಳದಲ್ಲಿ ಕಂತು ಕಟ್ಟಲು ಆಗುತ್ತದಾ ಅಂತ ಮನೆಯವರ ಜೊತೆ ಕೂತು ನೋಡಿ, ಆಮೇಲೆ ಬ್ಯಾಂಕಿಗೆ ಹೋಗಿ.