ಹಳೆಯ ಜಾಡಿಯ ಮೇಲಿನ ಮುದ್ರೆಯನ್ನು ಓದುವ ಕ್ರಮ

ಕೊಡಗಿನಲ್ಲಿ ಹಳೆಯ ತೋಟದ ಬಂಗಲೆಗಳು ಮಾರಾಟವಾಗುವಾಗ ಮೇಜು, ಕುರ್ಚಿ, ಗೋಡೆ ಗಡಿಯಾರಗಳ ಜೊತೆಗೆ ಗಾಜಿನ ಕಪಾಟಿನಲ್ಲಿದ್ದ ಜಾಡಿ, ಬಟ್ಟಲು, ಹೂದಾನಿಗಳೂ ಹೊರಬರುತ್ತವೆ. ಅವುಗಳಲ್ಲಿ ಹೆಚ್ಚಿನವು ಕಾರ್ಖಾನೆಯ ಪಿಂಗಾಣಿಯೇ. ಅಪರೂಪಕ್ಕೆ ಒಬ್ಬ ಕಲಾವಿದ ತಿಗರಿಯ ಮೇಲೆ ಕೈಯಾರೆ ಎತ್ತಿದ ಪಾತ್ರೆ, ಅಂದರೆ ಸ್ಟುಡಿಯೋ ಪಾಟರಿ, ಇರುವುದುಂಟು. ಕೊಂಡವರು ಅದನ್ನು ಬೋರಲು ಹಾಕಿ, ಮಸುಕಾದ ಫೋಟೊ ಒಂದನ್ನು ತೆಗೆದು, ಗೂಗಲ್ ಲೆನ್ಸ್ ತೋರಿಸಿದ ಮೊದಲ ಹೆಸರನ್ನೇ ನಂಬಿ ಬೆಲೆ ಕಟ್ಟಿಬಿಡುತ್ತಾರೆ. ಹೀಗೆ ಕಟ್ಟಿದ ಬೆಲೆಗಳು ಸುಳ್ಳಾಗುವುದನ್ನು ಮತ್ತೆ ಮತ್ತೆ ಕಂಡದ್ದರಿಂದ ಪಾತ್ರೆಯ ಮುದ್ರೆಯನ್ನು, ಅಂದರೆ ಮಾಡಿದವರು ಒತ್ತಿದ ಗುರುತನ್ನು, ಓದುವ ಕ್ರಮವನ್ನು ಇಲ್ಲಿ ವಿವರಿಸುತ್ತಿದ್ದೇನೆ.

ಮೊದಲು ಪಾತ್ರೆಯನ್ನು ಉಗುರುಬೆಚ್ಚಗಿನ ನೀರು ಮತ್ತು ಮೃದುವಾದ ಹಲ್ಲುಜ್ಜುವ ಬ್ರಷ್‌ನಿಂದ ಒರೆಸಿಕೊಳ್ಳಬೇಕು, ನೆನೆಹಾಕಬಾರದು. ಕಂಚು, ಹಿತ್ತಾಳೆಗೆ ಒಗ್ಗುತ್ತದೆಂದು ಕಾಚಂಪುಳಿಯನ್ನೋ (ಕೊಡಗಿನ ಅಡುಗೆಯ ಕಪ್ಪು ಹುಳಿರಸ) ಹುಣಸೆಯನ್ನೋ ಇದಕ್ಕೂ ತಿಕ್ಕುವವರಿದ್ದಾರೆ. ಕಾಚಂಪುಳಿಯ ಕಪ್ಪು ಬಣ್ಣವು ಗ್ಲೇಜಿನ, ಅಂದರೆ ಪಾತ್ರೆಯ ಮೇಲಿನ ಗಾಜಿನಂಥ ಲೇಪದ, ಬಿರುಕುಗಳಿಗೂ ತಳದ ಬರಿಯ ಮಣ್ಣಿಗೂ ಇಳಿದರೆ ಮತ್ತೆ ಬಿಡುವುದಿಲ್ಲ. ಬಚ್ಚಲು ತೊಳೆಯುವ ಆಮ್ಲ, ಸ್ಟೀಲಿನ ನಾರು, ಹೊಳಪಿನ ಮೇಣ, ಇವು ಮೂರನ್ನೂ ಈ ಕೆಲಸದಿಂದ ದೂರವಿಡಿ.

ಎರಡನೆಯದಾಗಿ, ಪಾತ್ರೆ ಕಾರ್ಖಾನೆಯದೋ ಕೈಯದೋ ಎಂಬುದನ್ನು ಮುದ್ರೆ ನೋಡುವುದಕ್ಕೆ ಮುಂಚೆಯೇ ನಿರ್ಧರಿಸಬೇಕು. ಒಳಗೋಡೆಯ ಮೇಲೆ ಬೆರಳಿನ ಸುರುಳಿ ಗೆರೆ, ತಳದಲ್ಲಿ ಮಣ್ಣನ್ನು ಕೆತ್ತಿ ತೆಗೆದ ಅಥವಾ ತಂತಿಯಿಂದ ಕತ್ತರಿಸಿದ ಗುರುತು ಕಂಡರೆ ಅದು ತಿಗರಿಯ ಕೆಲಸ; ಪಕ್ಕದಲ್ಲಿ ಅಚ್ಚಿನ ಸಂದು, ತಳದಲ್ಲಿ ಕಿರೀಟ ಮತ್ತು ಅಚ್ಚುಕಟ್ಟಾದ ಮುದ್ರಿತ ಅಕ್ಷರಗಳಿದ್ದರೆ ಕಾರ್ಖಾನೆಯದು. ತಳದ ಮೇಲೆ ತ್ರಿಕೋನದಂತೆ ಕಾಣುವ ಮೂರು ಸಣ್ಣ ಗಾಯಗಳು ಮುದ್ರೆಯಲ್ಲ; ಆವಿಗೆಯಲ್ಲಿ ಪಾತ್ರೆಯನ್ನು ನಿಲ್ಲಿಸಿದ್ದ ಆಧಾರದ ಮೊನೆಗಳು ಬಿಟ್ಟ ಗುರುತು. ಇಸವಿಯನ್ನು ಕಂಡೊಡನೆ ಹಿಗ್ಗುವುದೂ ಬೇಡ. ಹಳೆಯ ಮನೆಗಳ ಮಾಡಿನ ಮೇಲಿರುವ ಬಾಸೆಲ್ ಮಿಷನ್‌ನ ಮಂಗಳೂರು ಹೆಂಚಿನಲ್ಲಿ 1865 ಎಂದಿರುವುದು ಕಾರ್ಖಾನೆ ಆರಂಭವಾದ ವರ್ಷ, ಆ ಹೆಂಚು ಸುಟ್ಟ ವರ್ಷವಲ್ಲ. ಪಿಂಗಾಣಿಯ ಮೇಲಿನ ಎಷ್ಟೋ ಇಸವಿಗಳ ಕಥೆಯೂ ಇದೇ.

ಇನ್ನು ಮುದ್ರೆಯನ್ನು ಓದುವ ಹಂತ. ಸಾಮಾನ್ಯವಾಗಿ ಎಲ್ಲರೂ ಎಡವುವುದು ಇಲ್ಲಿಯೇ. ಮೊದಲ ತಪ್ಪು, ಗುರುತನ್ನು ತಳದಲ್ಲಿ ಮಾತ್ರ ಹುಡುಕುವುದು. ಅನೇಕ ಸ್ಟುಡಿಯೋ ಕುಂಬಾರರು ಹಸಿ ಮಣ್ಣಿನ ಹೊರಗೋಡೆಯ ಮೇಲೆ, ತಳಕ್ಕೆ ತೀರ ಹತ್ತಿರದಲ್ಲಿ ಮುದ್ರೆ ಒತ್ತುತ್ತಾರೆ. ಕೆಲವರು ಹಿಡಿಯ ಬುಡದಲ್ಲಿ ಒತ್ತುತ್ತಾರೆ. ಅದು ಬೆರಳಿನ ಉಗುರಿಗಿಂತ ಚಿಕ್ಕದಿರಬಹುದು, ಮೇಲೆ ಗ್ಲೇಜ್ ಹರಿದು ಅರ್ಧ ಮುಚ್ಚಿರಬಹುದು. ಆದ್ದರಿಂದ ಪಾತ್ರೆಯನ್ನು ನಿಧಾನವಾಗಿ ತಿರುಗಿಸುತ್ತ ಕೆಳಗಿನ ಅಂಚನ್ನು ಬೆರಳಿನಿಂದ ತಡವಬೇಕು. ಕಣ್ಣಿಗೆ ಕಾಣದ ತಗ್ಗು ಬೆರಳಿಗೆ ಸಿಗುತ್ತದೆ.

ತಗ್ಗು ಸಿಕ್ಕಿದ ಮೇಲೆ ಕೋಣೆಯ ದೀಪ ಆರಿಸಿ, ಟಾರ್ಚ್ ಬೆಳಕನ್ನು ಮೇಲ್ಮೈಗೆ ತಾಗುವಷ್ಟು ಓರೆಯಾಗಿ ಹಿಡಿಯಿರಿ. ಒಂದೇ ಕಡೆಯಿಂದ ಹಿಡಿದು ಮುಗಿಸಬಾರದು. ಬೆಳಕು ಬರುವ ದಿಕ್ಕಿನಲ್ಲಿಯೇ ಸಾಗುವ ಗೆರೆಗೆ ನೆರಳು ಬೀಳುವುದಿಲ್ಲವಾದ್ದರಿಂದ ಇಂಗ್ಲಿಷಿನ ‘ಇ’ ಅಕ್ಷರದ ಮೂರು ಅಡ್ಡಗೆರೆಗಳು ಮಾಯವಾಗಿ ಅದು ‘ಐ’ ಆಗಿ ಕಾಣುತ್ತದೆ. ಟಾರ್ಚನ್ನು ಕಾಲು ಸುತ್ತು ತಂದರೆ ಅಡ್ಡಗೆರೆಗಳು ಮೂಡುತ್ತವೆ. ಮುದ್ರೆಯೊಳಗೆ ಗ್ಲೇಜ್ ತುಂಬಿಕೊಂಡಿದ್ದರೆ ಈ ಓರೆ ಬೆಳಕು ಬರೀ ಹೊಳಪನ್ನು ಎಬ್ಬಿಸುತ್ತದೆ. ಆಗ ಕಿಟಕಿಯ ಬಳಿಯ ಹದವಾದ ಹಗಲು ಬೆಳಕಿಗೆ ಒಯ್ದು, ನೆರಳನ್ನು ಬಿಟ್ಟು ಬಣ್ಣವನ್ನು ಓದಬೇಕು: ಕಬ್ಬಿಣದ ಅಂಶವಿರುವ ಕಪ್ಪು ಗ್ಲೇಜ್ ಅಕ್ಷರದ ಅಂಚುಗಳಲ್ಲಿ ತೆಳುವಾಗಿ ತುಕ್ಕಿನ ಬಣ್ಣಕ್ಕೆ ತಿರುಗಿ, ತಗ್ಗಿನಲ್ಲಿ ದಟ್ಟ ಕಪ್ಪಾಗಿ ನಿಂತಿರುತ್ತದೆ.

ಅಚ್ಚು ತೆಗೆಯಲು ತೆಳು ಕಾಗದವಿಟ್ಟು ಪೆನ್ಸಿಲ್ ಉಜ್ಜುವುದು ವಾಡಿಕೆ. ನಮ್ಮ ಕೊಡಗಿನ ಕಕ್ಕಡ ತಿಂಗಳ ಮಳೆಯಲ್ಲಿ ಕಾಗದ ತೇವ ಹೀರಿ ಮೆತ್ತಗಾಗುವುದರಿಂದ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯೇ ಮೇಲು. ಹಾಳೆಯನ್ನು ಮುದ್ರೆಯ ಮೇಲೆ ಹರಡಿ, ರಬ್ಬರಿನಿಂದ ಮೆಲ್ಲಗೆ ಒತ್ತಿ, ಎತ್ತಿದ ಮೇಲೆ ಅದರ ಫೋಟೊ ತೆಗೆಯಿರಿ. ಅಂಗಡಿಯವರು ಮಾಡುವಂತೆ ಸೀಮೆಸುಣ್ಣ ತುಂಬಬೇಡಿ. ಗ್ಲೇಜಿಲ್ಲದ ಮಣ್ಣಿನಿಂದ ಆ ಪುಡಿ ಪೂರ್ತಿ ಹೋಗುವುದಿಲ್ಲ. ಬೆಳಕಿನ ದೀಪ ಅಂಟಿಸಿದ ಅಗ್ಗದ ಪ್ಲಾಸ್ಟಿಕ್ ಭೂತಗನ್ನಡಿಗಿಂತ ಅಕ್ಕಸಾಲಿಗರು ಬಳಸುವ ಹತ್ತು ಪಟ್ಟಿನ ಮಸೂರ ಕೊಳ್ಳುವುದು ಒಳ್ಳೆಯದು.

ಕಂಡದ್ದನ್ನು ಕಾಗದದ ಮೇಲೆ ಬರೆದು ನಾಲ್ಕು ದಿಕ್ಕಿಗೂ ತಿರುಗಿಸಿ ನೋಡಬೇಕು. ‘ಎಂ’ ತಲೆಕೆಳಗಾದರೆ ‘ಡಬ್ಲ್ಯೂ’; ‘ಎನ್’ ಅಡ್ಡವಾದರೆ ‘ಝಡ್’. ಒಂದರ ಮೇಲೊಂದು ಹೆಣೆದ ಅಕ್ಷರಗಳನ್ನು ಮೊದಲು ಗೆರೆಗಳಾಗಿ ನಕಲು ಮಾಡಿ, ಅಕ್ಷರವೆಂದು ಗುರುತಿಸುವುದನ್ನು ಆಮೇಲೆ ಮಾಡಿ. ಭಾರತದ ಪಾತ್ರೆಯಲ್ಲಿ ಅದು ದೇವನಾಗರಿಯೋ ತಮಿಳೋ ಆಗಿರಬಹುದು, ಎಲೆಯೋ ಹಕ್ಕಿಯೋ ಆಗಿರಬಹುದು. 1952ರಲ್ಲಿ ಗುರುಚರಣ್ ಸಿಂಗ್ ಆರಂಭಿಸಿದ ದೆಹಲಿ ಬ್ಲೂ ಪಾಟರಿ, 1971ರಲ್ಲಿ ರೇ ಮೀಕರ್ ಮತ್ತು ಡೆಬೊರಾ ಸ್ಮಿತ್ ಪುದುಚೇರಿಯಲ್ಲಿ ಕಟ್ಟಿದ ಗೋಲ್ಡನ್ ಬ್ರಿಡ್ಜ್ ಪಾಟರಿಗಳ ಕೆಲಸವನ್ನು ಪರಿಶೀಲಿಸದೆ ನೇರವಾಗಿ ಇಂಗ್ಲೆಂಡಿಗೆ ಹಾರುವುದು ಬಂಗಲೆಯ ವಸ್ತುಗಳ ವಿಷಯದಲ್ಲಿ ಅಂಟಿಕೊಂಡಿರುವ ಚಟ.

ನಾಲ್ಕನೆಯದಾಗಿ, ಮುದ್ರೆ ಯಾರದು ಎನ್ನುವುದಕ್ಕಿಂತ ಅದು ಕಾರ್ಯಾಗಾರದ್ದೋ ವ್ಯಕ್ತಿಯದೋ ಎಂದು ಕೇಳಬೇಕು. 1920ರಲ್ಲಿ ಬ್ರಿಟಿಷ್ ಕುಂಬಾರ ಬರ್ನಾರ್ಡ್ ಲೀಚ್ ಮತ್ತು ಜಪಾನಿನ ಕುಂಬಾರ ಶೋಜಿ ಹಮಾದ ಸ್ಥಾಪಿಸಿದ, ಇಂಗ್ಲೆಂಡಿನ ಸೇಂಟ್ ಐವ್ಸ್ ಊರಿನ ಕಾರ್ಯಾಗಾರದ ಗುರುತಿನಲ್ಲಿ ‘ಎಸ್’ ಮತ್ತು ‘ಐ’ ಅಕ್ಷರಗಳು ಒಂದರ ಮೇಲೊಂದು ಕೂತು, ಜೊತೆಗೆ ಎರಡು ಚುಕ್ಕಿಗಳಿರುತ್ತವೆ. ಈ ಗುರುತು ಒಂದೇ ಇದ್ದರೆ ಅದು ಅಲ್ಲಿ ಹಲವರು ಸೇರಿ ಮಾಡುತ್ತಿದ್ದ ದಿನಬಳಕೆಯ ಪಾತ್ರೆಯಾಗಿರುವ ಸಾಧ್ಯತೆಯೇ ಹೆಚ್ಚು. ಲೀಚ್ ಅವರ ಸ್ವಂತ ಕೆಲಸವೆನ್ನಲು ‘ಬಿಎಲ್’ ಗುರುತೂ ಬೇಕು. ಬೆಲೆಯಲ್ಲಿ ಇವೆರಡರ ನಡುವಿನ ಅಂತರ ಬಹಳ ದೊಡ್ಡದು.

‘ಬಿಎಲ್’ ಇದ್ದರೂ ಅಲ್ಲಿಗೇ ಮುಗಿಯುವುದಿಲ್ಲ. 1980ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಫೆದರ್‌ಸ್ಟೋನ್ ಸೆರೆಮನೆಯ ಕೈದಿಗಳು ಕುಂಬಾರಿಕೆಯ ತರಗತಿಯಲ್ಲಿ ಮಾಡಿದ ನಕಲಿ ಲೀಚ್ ಪಾತ್ರೆಗಳು ಹರಾಜು ಮನೆಗಳ ತನಕ ತಲುಪಿದ್ದವು. ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ: ಜಪಾನಿನ ಮಾಶಿಕೊದಲ್ಲಿ ನೆಲೆಸಿದ ಮೇಲೆ ಹಮಾದ ತಮ್ಮ ಪಾತ್ರೆಗಳಿಗೆ ಮುದ್ರೆ ಒತ್ತುತ್ತಿರಲಿಲ್ಲ, ಸಹಿ ಇರುತ್ತಿದ್ದದ್ದು ಮರದ ಪೆಟ್ಟಿಗೆಯ ಮೇಲೆ. ಹೀಗಾಗಿ ಮಣ್ಣಿನ ಬಣ್ಣ, ತೂಕ, ತಳದ ಕೆತ್ತನೆಗಳು ಮುದ್ರೆಯ ಮಾತನ್ನು ಒಪ್ಪುತ್ತವೆಯೇ ಎಂದು ನೋಡಲೇಬೇಕು. ಹಸಿ ಮಣ್ಣಿನಲ್ಲಿ ಒತ್ತಿದ ಮುದ್ರೆಯ ಅಂಚು ಕೊಂಚ ಉಬ್ಬಿ ದುಂಡಗಿರುತ್ತದೆ. ಸುಟ್ಟ ಮೇಲೆ ಯಂತ್ರದಿಂದ ಕೊರೆದದ್ದು ಗ್ಲೇಜನ್ನು ಸೀಳಿಕೊಂಡು ಹೋಗಿ, ಅಂಚಿನಲ್ಲಿ ಸಣ್ಣ ಚಕ್ಕೆಗಳನ್ನು ಬಿಟ್ಟಿರುತ್ತದೆ.

ಕೊನೆಗೆ ದಾಖಲೆ. ಇಡೀ ಪಾತ್ರೆ, ತಳ, ಮುದ್ರೆ, ಅಲ್ಯೂಮಿನಿಯಂ ಅಚ್ಚು, ಈ ನಾಲ್ಕರ ಫೋಟೊಗಳನ್ನೂ ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆದು, ಯಾವ ಮನೆಯಿಂದ ಬಂತೆಂಬುದನ್ನು ಬರೆದಿಡಿ. ಹರಾಜು ಮನೆಯವರನ್ನೋ ಸಂಗ್ರಾಹಕರನ್ನೋ ಕೇಳುವಾಗ ಈ ನಾಲ್ಕನ್ನೂ ಒಟ್ಟಿಗೆ ಕಳುಹಿಸಿ. ಚೀಟಿಯನ್ನು ಪೆನ್ಸಿಲಿನಲ್ಲಿ ಬರೆದು ಪಾತ್ರೆಯೊಳಗೆ ಹಾಕಬೇಕೇ ಹೊರತು ತಳಕ್ಕೆ ಟೇಪಿನಿಂದ ಅಂಟಿಸಬಾರದು. ತಳದಲ್ಲಿ ಮೊದಲೇ ಹಳೆಯ ಕಾಗದದ ಚೀಟಿ ಅಂಟಿಕೊಂಡಿದ್ದರೆ ಅದನ್ನು ಕೀಳಬಾರದು.