ಒಂದೇ ಅಚ್ಚು, ಮೂರು ಬಣ್ಣದ ಗಿಳಿ

ಹೋದ ಸಂಕ್ರಾಂತಿಗೆ ಎಳ್ಳು-ಬೆಲ್ಲದ ಕವರ್ ಮೇಲೆ ನಾವೇ ಗಿಳಿಯ ಅಚ್ಚು ಒತ್ತಿದೆವು. ಹಸಿರು ಮೈ, ಕೆಂಪು ಕೊಕ್ಕು, ಕತ್ತಿಗೆ ಗುಲಾಬಿ ಪಟ್ಟಿ. ಎಳ್ಳು ಬೀರಲು ಹೋದ ಕಡೆಯೆಲ್ಲ ಒಂದೇ ಪ್ರಶ್ನೆ: ‘ಮೂರು ಅಚ್ಚು ಮಾಡಿಸಿದ್ರಾ?’ ಇಲ್ಲ. ಒಂದೇ ರಬ್ಬರ್ ಅಚ್ಚು, ಒಂದೇ ಸಲ ಒತ್ತಿದ್ದು.

ಬಟ್ಟೆಗೆ ಅಚ್ಚು ಹಾಕುವವರ ಲೆಕ್ಕ ಬೇರೆ. ರಾಜಸ್ಥಾನದ ಸಾಂಗಾನೇರ್, ಬಗ್ರು ಕಡೆ ಒಂದೊಂದು ಬಣ್ಣಕ್ಕೂ ಒಂದೊಂದು ಮರದ ಅಚ್ಚು ಇಟ್ಟುಕೊಳ್ಳುತ್ತಾರೆ. ಮಾರುಗಟ್ಟಲೆ ಬಟ್ಟೆಗೆ ಅದೇ ಸರಿ. ಮನೆಯಲ್ಲಿ 20–30 ಕವರ್ ಮಾಡಲು ಅಷ್ಟೆಲ್ಲ ಬೇಕಿಲ್ಲ. ರಬ್ಬರಿನ ಮೇಲೆಯೇ ಬೇರೆ ಬೇರೆ ಬಣ್ಣ ಹಚ್ಚಿ ಒತ್ತಿದರಾಯಿತು. ಇದರಲ್ಲಿ ಕಷ್ಟದ್ದು ಬಣ್ಣವಲ್ಲ, ತೇವ. ಮೊದಲು ಹಚ್ಚಿದ ಬಣ್ಣ ಕೊನೆಯದು ಮುಗಿಯುವ ತನಕ ಒಣಗಬಾರದು.

ಅಚ್ಚು ಮಾಡಿಸುವಾಗ

ಕಚೇರಿ ಸೀಲು ಮಾಡುವ ಅಂಗಡಿಯಲ್ಲೇ ಚಿತ್ರ ಕೊಟ್ಟರೆ ಅಚ್ಚು ಮಾಡಿಕೊಡುತ್ತಾರೆ. ಬೆಂಗಳೂರಿನವರಾದರೆ ಅವೆನ್ಯೂ ರಸ್ತೆ ಕಡೆ ಹೋಗಿ ನೋಡಿ. ಹಿಡಿ ಇರುವ ಸಾದಾ ಅಚ್ಚೇ ಕೇಳಿ. ಒತ್ತಿದಾಗ ತಾನೇ ಇಂಕು ಬಿಡುವ ಸೀಲು ಈ ಕೆಲಸಕ್ಕೆ ಆಗುವುದಿಲ್ಲ.

ಚಿತ್ರ ಕೊಡುವ ಮುಂಚೆ ಒಂದು ತಿದ್ದುಪಡಿ ಮಾಡಿಕೊಳ್ಳಿ. ಬಣ್ಣ ಬದಲಾಗುವ ಕಡೆಯೆಲ್ಲ ಸುಮಾರು 2 ಮಿ.ಮೀ. ಖಾಲಿ ಬಿಡಿ. ಕೊಕ್ಕು ತಲೆಗೆ ಅಂಟಿಕೊಂಡಿರಬಾರದು, ಪಟ್ಟಿ ಮೈಗೆ ತಾಗಬಾರದು. ಕಚೇರಿಗೆ ಬಂದ ಅರ್ಜಿಗೆ ಹಾಕುವ ತಾರೀಕಿನ ಸೀಲು ನೋಡಿದ್ದೀರಲ್ಲ? ಕೆಲವದರಲ್ಲಿ ಸುತ್ತ ನೀಲಿ ಅಕ್ಷರ, ನಡುವೆ ಕೆಂಪು ತಾರೀಕು ಇರುತ್ತದೆ. ಅದರ ಪ್ಯಾಡಿನಲ್ಲೇ ಎರಡು ಬಣ್ಣ, ಒಂದಕ್ಕೊಂದು ತಾಗದಂತೆ ನಡುವೆ ಸಂದು. ನಾವು ಆ ಸಂದನ್ನು ರಬ್ಬರಿನಲ್ಲೇ ಬಿಡುತ್ತೇವೆ, ಅಷ್ಟೇ.

ಹೊಸ ರಬ್ಬರ್ ಮೇಲೆ ಇಂಕು ಸರಿಯಾಗಿ ಕೂರುವುದಿಲ್ಲ. ಕೆಸುವಿನ ಎಲೆ ಮೇಲಿನ ನೀರಿನ ಹಾಗೆ ಹನಿಹನಿಯಾಗಿ ನಿಲ್ಲುತ್ತದೆ. ಸೋಪು ನೀರಿನ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಪೆನ್ಸಿಲ್ ಅಳಿಸುವ ಬಿಳಿ ರಬ್ಬರಿನಿಂದ ಹಗುರವಾಗಿ ಉಜ್ಜಿ. ಆಮೇಲೆ ಇಂಕು ಹಿಡಿಯುತ್ತದೆ.

ಸ್ಕೆಚ್ ಪೆನ್ನಿನಿಂದ ಶುರು ಮಾಡಿ

ಮಕ್ಕಳ ಸ್ಕೆಚ್ ಪೆನ್ ಸಾಕು. ನೀರಿನ ಇಂಕಿನದೇ ಆಗಬೇಕು. ಸ್ಟೀಲ್ ತಟ್ಟೆ ಮೇಲೆ ಒಂದು ಗೆರೆ ಎಳೆದು ಒಣಗಲು ಬಿಡಿ. ಆಮೇಲೆ ಒದ್ದೆ ಬೆರಳಿನಿಂದ ಒರೆಸಿ. ಸುಲಭವಾಗಿ ಹೋದರೆ ಅದು ನಡೆಯುತ್ತದೆ. ಪರ್ಮನೆಂಟ್ ಮಾರ್ಕರ್ ಬೇಡ. ಹಚ್ಚುತ್ತಿದ್ದಂತೆ ಒಣಗುತ್ತದೆ, ರಬ್ಬರಿನಿಂದ ಹೋಗುವುದೂ ಇಲ್ಲ.

ಕೂರುವ ಮುಂಚೆ ಫ್ಯಾನ್ ಆರಿಸಿ. ಇದು ಸಣ್ಣ ವಿಷಯ ಅನ್ನಿಸಬಹುದು, ಆದರೆ ಅರ್ಧ ಗಿಳಿಗಳು ಹಾಳಾಗುವುದು ಫ್ಯಾನಿನಿಂದಲೇ.

ಅಚ್ಚನ್ನು ಎಡಗೈಯಲ್ಲಿ ರಬ್ಬರ್ ಮೇಲೆ ಬರುವಂತೆ ಹಿಡಿಯಿರಿ. ತಿಳಿ ಬಣ್ಣ ಮೊದಲು, ಗಾಢ ಬಣ್ಣ ಆಮೇಲೆ. ಗುಲಾಬಿ, ನಂತರ ಹಸಿರು, ಕೊನೆಗೆ ಕೆಂಪು. ಈ ಕ್ರಮ ಯಾಕೆಂದರೆ, ತಿಳಿ ಬಣ್ಣದ ತುದಿ ಗಾಢ ಬಣ್ಣಕ್ಕೆ ತಾಗಿದರೆ ಪೆನ್ನೇ ಕೆಡುತ್ತದೆ. ಹಾಗೇನಾದರೂ ಆದರೆ ರದ್ದಿ ಕಾಗದದ ಮೇಲೆ ಗೀಚುತ್ತಾ ಹೋಗಿ, ತುದಿ ಮತ್ತೆ ತಿಳಿಯಾಗುತ್ತದೆ. ತುದಿಯನ್ನು ಮಲಗಿಸಿ ಹಚ್ಚಿ. ಚುಚ್ಚಿದರೆ ಇಂಕು ಗೆರೆಗಳ ನಡುವಿನ ಗುಂಡಿಗೆ ಇಳಿಯುತ್ತದೆ, ಒತ್ತಿದಾಗ ಅದೇ ಕಲೆಯಾಗಿ ಬರುತ್ತದೆ. ಇನ್ನೊಂದು ಮರೆಯಬೇಡಿ: ರಬ್ಬರಿನಲ್ಲಿ ಎಡಕ್ಕೆ ನೋಡುವ ಗಿಳಿ ಕಾಗದದಲ್ಲಿ ಬಲಕ್ಕೆ ನೋಡುತ್ತದೆ. ಜೋಡಿ ಗಿಳಿಗೆ ಬೇರೆ ಬೇರೆ ಬಣ್ಣ ಹಚ್ಚುವಾಗ ಇದು ಗೊಂದಲ ಮಾಡುತ್ತದೆ.

ಇಷ್ಟು ಹಚ್ಚುವಷ್ಟರಲ್ಲಿ ಮೊದಲ ಬಣ್ಣ ಒಣಗಿರುತ್ತದೆ. ಅಚ್ಚನ್ನು ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ತೇವ ಇರುವ ಕಡೆ ಹೊಳಪು, ಒಣಗಿದ ಕಡೆ ಮಂಕು. ಈಗ ಅಚ್ಚನ್ನು ಬಾಯಿಯ ಹತ್ತಿರ ತಂದು ‘ಹಾ…’ ಎಂದು ಎರಡು ಸಲ ಬಿಸಿಯುಸಿರು ಬಿಡಿ. ಕನ್ನಡಕ ಒರೆಸುವ ಮುಂಚೆ ಗಾಜಿನ ಮೇಲೆ ಬಿಡುತ್ತೇವಲ್ಲ, ಹಾಗೆ. ಊದಬೇಡಿ, ಊದಿದರೆ ಇನ್ನೂ ಒಣಗುತ್ತದೆ. ಉಸಿರಿನ ತೇವಕ್ಕೆ ಇಂಕು ಮತ್ತೆ ಕರಗುತ್ತದೆ.

ನಮ್ಮ ಅಕ್ಕನ ಮಗಳು ಮೊದಲ ದಿನ ನಾಲ್ಕು ಕವರ್ ಒತ್ತಿ, ‘ಚಿಕ್ಕಮ್ಮ, ಇದಕ್ಕೆ ಕತ್ತೇ ಬರ್ತಿಲ್ಲ’ ಎಂದು ಮುಖ ಸಣ್ಣ ಮಾಡಿಕೊಂಡಿದ್ದಳು. ಮೊದಲು ಹಚ್ಚಿದ ಗುಲಾಬಿ ಪಟ್ಟಿ ಒಣಗಿಹೋಗಿತ್ತು. ಐದನೆಯದಕ್ಕೆ ಉಸಿರು ಬಿಟ್ಟು ಒತ್ತಿದಳು. ಪಟ್ಟಿ ಮೂಡಿತು. ಆ ಕವರನ್ನು ಯಾರಿಗೂ ಕೊಡದೆ ತಾನೇ ಇಟ್ಟುಕೊಂಡಿದ್ದಾಳೆ.

ಒತ್ತುವಾಗ ಕೆಳಗೆ ನಾಲ್ಕು ಹಾಳೆ ನ್ಯೂಸ್ ಪೇಪರ್ ಹಾಸಿ. ಕವರಿಗೆ ಎಳ್ಳು ತುಂಬುವ ಮುಂಚೆಯೇ ಅಚ್ಚು ಹಾಕಿ, ಒಳಗೆ ಒಂದು ದಪ್ಪ ರಟ್ಟು ತೂರಿಸಿ. ಇಲ್ಲದಿದ್ದರೆ ಹಿಂದಿನ ಗೋಂದಿನ ಅಂಚು ಗಿಳಿಯ ಹೊಟ್ಟೆ ಮೇಲೆ ಅಡ್ಡ ಗೆರೆಯಾಗಿ ಬೀಳುತ್ತದೆ. ಅಚ್ಚನ್ನು ನೇರವಾಗಿ ಇಳಿಸಿ, ಮೂರು ಎಣಿಸಿ, ನೇರವಾಗಿ ಎತ್ತಿ. ಕಚೇರಿಯಲ್ಲಿ ಕುಟ್ಟುವ ಹಾಗೆ ಕುಟ್ಟಬೇಡಿ, ಅಲ್ಲಾಡಿಸಲೂ ಬೇಡಿ. ದೊಡ್ಡ ಅಚ್ಚಾದರೆ ಉಲ್ಟಾ ಮಾಡಿ: ಅಚ್ಚನ್ನು ಮೇಲ್ಮುಖವಾಗಿ ಇಟ್ಟು, ಕಾಗದವನ್ನು ಅದರ ಮೇಲೆ ಹಾಸಿ, ಚಮಚದ ಬೆನ್ನಿನಿಂದ ಸವರಿ.

ಹೊಳಪು ಕಾಗದ ಬೇಡ, ಇಂಕು ಜಾರುತ್ತದೆ. ಕೈಕಾಗದ ಜಾಸ್ತಿ ಹೀರುತ್ತದೆ, ಗೆರೆ ಹರಡುತ್ತದೆ. ನಯವಾದ, ಹೊಳಪಿಲ್ಲದ ಕಾಗದ ಒಳ್ಳೆಯದು.

ಪ್ಯಾಡ್ ಮತ್ತು ಟೇಪು

ಪೆನ್ನಿನ ಬಣ್ಣ ತೆಳು ಅನ್ನಿಸಿದರೆ ಇಂಕ್ ಪ್ಯಾಡ್ ಬಳಸಿ. ಅಚ್ಚನ್ನು ಪ್ಯಾಡಿಗೆ ಒತ್ತುವ ಬದಲು ಪ್ಯಾಡನ್ನೇ ಅಚ್ಚಿಗೆ ತಟ್ಟಬೇಕು. ಪ್ಯಾಡ್ ದೊಡ್ಡದಿದ್ದರೆ ಪಾತ್ರೆ ತೊಳೆಯುವ ಹೊಸ ಸ್ಪಂಜನ್ನು ಸಣ್ಣಗೆ ಕತ್ತರಿಸಿ, ಒಂದೊಂದು ಬಣ್ಣಕ್ಕೆ ಒಂದೊಂದು ತುಂಡು ಇಟ್ಟುಕೊಳ್ಳಿ. ಕೊಕ್ಕಿನಂಥ ಸಣ್ಣ ಜಾಗಕ್ಕೆ ಕಿವಿಗೆ ಬಳಸುವ ಹತ್ತಿ ಕಡ್ಡಿ. ಕಚೇರಿ ಪ್ಯಾಡಿನ ಇಂಕಿನಲ್ಲಿ ಸಾಮಾನ್ಯವಾಗಿ ಗ್ಲಿಸರಿನ್‌ನಂಥದ್ದು ಇರುತ್ತದೆ, ಅದಕ್ಕೇ ಬೇಗ ಒಣಗುವುದಿಲ್ಲ. ನಿಧಾನವಾಗಿ ಕೆಲಸ ಮಾಡುವವರಿಗೆ ಇದು ಅನುಕೂಲ. ಆದರೆ ಕವರ್ ಮೇಲೂ ನಿಧಾನವಾಗಿಯೇ ಒಣಗುತ್ತದೆ. ಒಂದರ ಮೇಲೊಂದು ಪೇರಿಸದೆ ರಾತ್ರಿಯಿಡೀ ಹರಡಿಡಿ.

ಮೈಯೆಲ್ಲ ಒಂದೇ ಬಣ್ಣ, ಕೊಕ್ಕು ಮಾತ್ರ ಬೇರೆ ಎಂದಾದರೆ ಟೇಪಿನ ದಾರಿ ಸುಲಭ. ಕೊಕ್ಕಿನ ರಬ್ಬರಿಗೆ ಟೇಪು ಅಂಟಿಸಿ ಇಡೀ ಅಚ್ಚಿಗೆ ಹಸಿರು ತಟ್ಟಿ. ಟೇಪು ಕಿತ್ತು, ಕೊಕ್ಕಿಗೆ ಕೆಂಪು ಮುಟ್ಟಿಸಿ. ಒತ್ತುವ ಮುಂಚೆ ಟೇಪು ತೆಗೆದಿದ್ದೀರಾ ಎಂದು ಪ್ರತಿ ಸಲವೂ ನೋಡಿಕೊಳ್ಳಿ.

ಬಣ್ಣಗಳು ಒಂದರೊಳಗೊಂದು ಕರಗಬೇಕೆಂದರೆ ಮಾತ್ರ ಸಂದು ಬೇಡ. ಜಪಾನಿನ ಮರದಚ್ಚಿನ ಚಿತ್ರಗಳಲ್ಲಿ ಆಕಾಶ ಮೇಲೆ ಕಡುನೀಲಿ, ಕೆಳಗೆ ಬರುತ್ತಾ ಬಿಳಿಯಾಗುವುದನ್ನು ನೋಡಿರಬಹುದು. ಅಲ್ಲಿ ಅದಕ್ಕೆ ಬೊಕಾಶಿ ಎನ್ನುತ್ತಾರೆ. ಹಿರೋಶಿಗೆಯ (1797–1858) ಚಿತ್ರಗಳಲ್ಲಿ ಇದು ತುಂಬಾ ಇದೆ. ಒಂದೇ ಹಲಗೆಯ ಮೇಲೆ ಬಣ್ಣವನ್ನು ಒದ್ದೆ ಮಾಡಿ ಕುಂಚದಿಂದ ತೆಳುವಾಗಿಸುತ್ತಾ ಹೋಗುತ್ತಾರೆ. ನಾವು ಗಿಳಿಯ ರೆಕ್ಕೆಗೆ ಹಳದಿ ಹಚ್ಚಿ, ತುದಿಗೆ ಹಸಿರು ಹಚ್ಚಿ, ಎರಡೂ ಸೇರುವ ಕಡೆ ಹಳದಿ ಪೆನ್ನಿನಿಂದಲೇ ಮತ್ತೆ ಸವರಬೇಕು. ಅಕ್ಕಪಕ್ಕ ಹೊಂದುವ ಬಣ್ಣಗಳನ್ನೇ ಆರಿಸಿ. ಹಳದಿ-ಹಸಿರು, ಹಳದಿ-ಕಿತ್ತಳೆ ಚೆಂದ. ಹಸಿರು ಮತ್ತು ಕೆಂಪು ಸೇರಿದರೆ ಕೆಸರು ಬಣ್ಣ.

ಒಂದು ಸಲ ಒತ್ತಿದ ಮೇಲೆ ರಬ್ಬರಿನಲ್ಲಿ ಇಂಕು ಇನ್ನೂ ಸ್ವಲ್ಪ ಇರುತ್ತದೆ. ಮತ್ತೆ ಉಸಿರು ಬಿಟ್ಟು ಬೇರೆ ಕಾಗದಕ್ಕೆ ಒತ್ತಿ. ನೀರು ಬೆರೆಸಿ ಬರೆದಂಥ ಮಂಕು ಗಿಳಿ ಬರುತ್ತದೆ. ನನಗೆ ಮೊದಲನೆಯದಕ್ಕಿಂತ ಇದೇ ಹೆಚ್ಚು ಇಷ್ಟ. ಹೆಸರು ಬರೆಯುವ ಚೀಟಿಗಳಿಗೆ ಇದನ್ನೇ ಬಳಸಿದೆವು.

ಮುಗಿದ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿ, ಸಂದುಗಳಿಗೆ ಹಳೆಯ ಟೂತ್ ಬ್ರಶ್. ಅಚ್ಚನ್ನು ನೀರಿನಲ್ಲಿ ಮುಳುಗಿಸಬೇಡಿ, ಹಿಡಿಗೆ ಅಂಟಿಸಿದ ಗೋಂದು ಬಿಡುತ್ತದೆ. ಥಿನ್ನರ್, ಪೆಟ್ರೋಲ್ ಹತ್ತಿರವೂ ತರಬೇಡಿ. ಬಿಸಿಲು ಬೀಳದ ಕಡೆ ಡಬ್ಬಿಯಲ್ಲಿಡಿ. ಎಷ್ಟು ಒರೆಸಿದರೂ ಕೊಕ್ಕಿನ ಮೇಲೆ ಕೆಂಪು ಕಲೆ ಉಳಿಯುತ್ತದೆ. ಬಿಳಿ ಬಟ್ಟೆಗೆ ಒತ್ತಿ ನೋಡಿ, ಬಣ್ಣ ಹತ್ತದಿದ್ದರೆ ಹಾಗೇ ಬಿಡಿ.